ಶ್ವಾಸಕೋಶದಲ್ಲಿ ದೀರ್ಘಕಾಲದ ಸೋಂಕು ಇರುವವರು ಲಸಿಕೆ ಹಾಕಿಸಿಕೊಳ್ಳುವ ಬಗೆ

ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿಹೋಗುವ ಕಾಯಿಲೆ) ಅಥವಾ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ದಪ್ಪ ಲೋಳೆ ಕಟ್ಟುವ ಆನುವಂಶಿಕ ಕಾಯಿಲೆ) ಇರುವ ಅನೇಕರ ಶ್ವಾಸನಾಳಗಳಲ್ಲಿ ಸ್ಯೂಡೋಮೊನಾಸ್‌ನಂತಹ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಬೀಡುಬಿಟ್ಟಿರುತ್ತದೆ. ಲಸಿಕೆಯಿಂದ ಅದು ತೊಲಗುತ್ತದೆ ಎಂಬ ನಿರೀಕ್ಷೆಯನ್ನು ಮೊದಲೇ ಬಿಡಬೇಕು. ಸ್ಯೂಡೋಮೊನಾಸ್‌ಗೆ ಅನುಮೋದಿತ ಲಸಿಕೆಯೇ ಇಲ್ಲ. ಈಗಿರುವ ಲಸಿಕೆಗಳ ಕೆಲಸವೆಂದರೆ, ಮೊದಲೇ ದಣಿದಿರುವ ಶ್ವಾಸಕೋಶಕ್ಕೆ ಫ್ಲೂ ಅಥವಾ ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದಿಂದ ಮತ್ತೊಂದು ಪೆಟ್ಟು ಬೀಳದಂತೆ ನೋಡಿಕೊಳ್ಳುವುದು.

ರೋಗಿಯ ದೇಹ ಸುಮ್ಮನೆ ಕುಳಿತಿರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸ್ಯೂಡೋಮೊನಾಸ್ ವಿರುದ್ಧ ಹೋರಾಡುವ ಪ್ರತಿಕಾಯಗಳೆಂಬ ಪ್ರೋಟೀನುಗಳು ಇಂಥವರ ರಕ್ತದಲ್ಲಿ ಹೇರಳವಾಗಿಯೇ ಇರುತ್ತವೆ. ಆದರೆ ಬ್ಯಾಕ್ಟೀರಿಯಾ ತಾನೇ ಸ್ರವಿಸಿದ ಲೋಳೆಯ ಪದರದೊಳಗೆ ಅಡಗಿರುವುದರಿಂದ ಬಿಳಿ ರಕ್ತಕಣಗಳು ಅದನ್ನು ನುಂಗಲಾರವು; ಬದಲಿಗೆ ಅಲ್ಲಿಯೇ ಒಡೆದು, ಎಲಾಸ್ಟೇಸ್ ಎಂಬ ಕಿಣ್ವವನ್ನು ಚೆಲ್ಲುತ್ತವೆ. ಆ ಕಿಣ್ವ ಶ್ವಾಸನಾಳದ ಗೋಡೆಯನ್ನೂ, ರಕ್ಷಿಸಬೇಕಾದ ಪ್ರತಿಕಾಯಗಳನ್ನೂ ಕತ್ತರಿಸಿಹಾಕುತ್ತದೆ.

ಲಸಿಕೆಗೆ ಹೋಗುವ ಮುನ್ನ ಈವರೆಗೆ ಹಾಕಿಸಿಕೊಂಡ ಲಸಿಕೆಗಳ ದಿನಾಂಕಗಳನ್ನೂ ಈಗಿನ ಔಷಧಿಗಳ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಎಂಬ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಸ್ಟೀರಾಯ್ಡ್ ಔಷಧಿಯನ್ನು 14 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡಿದ್ದರೆ ಅದನ್ನು ತಪ್ಪದೆ ತಿಳಿಸಿ. ಜೀವಂತ ಲಸಿಕೆಗಳನ್ನು (ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವಂಥವು) ಆಗ ಕೊಡುವಂತಿಲ್ಲ. ಜೀವಂತ ರೋಗಾಣು ಇಲ್ಲದ ನಿಷ್ಕ್ರಿಯ ಲಸಿಕೆಗಳನ್ನು ಕೊಡಬಹುದಾದರೂ ಪ್ರತಿಕ್ರಿಯೆ ಮಂದವಾಗಬಹುದು. ಸಣ್ಣ ನೆಗಡಿಗೆ ಲಸಿಕೆಯನ್ನು ಮುಂದೂಡಬೇಕಿಲ್ಲ. ಜ್ವರದೊಂದಿಗೆ ಕಾಯಿಲೆ ಉಲ್ಬಣಿಸಿದ್ದರೆ ಮಾತ್ರ ಚೇತರಿಸಿಕೊಳ್ಳುವವರೆಗೆ ಕಾಯಿರಿ.

ಫ್ಲೂ ಲಸಿಕೆಯನ್ನು ಪ್ರತಿವರ್ಷ, ಫ್ಲೂ ಹರಡುವ ಕಾಲಕ್ಕೆ ಕನಿಷ್ಠ ಎರಡು ವಾರ ಮುಂಚಿತವಾಗಿ ಹಾಕಿಸಿಕೊಳ್ಳಿ, ಏಕೆಂದರೆ ಪ್ರತಿಕಾಯಗಳು ಮೂಡಲು ಅಷ್ಟು ಸಮಯ ಬೇಕು. ಮೂಗಿಗೆ ಸಿಂಪಡಿಸುವ ಬಗೆ ಜೀವಂತ ಲಸಿಕೆಯಾದ್ದರಿಂದ ಚುಚ್ಚುಮದ್ದನ್ನೇ ಕೇಳಿ.

ನ್ಯುಮೋಕಾಕಸ್ ಲಸಿಕೆಯ ವಿಷಯದಲ್ಲಿ ಆಯ್ಕೆ ಮುಖ್ಯ. ನ್ಯುಮೋಕಾಕಸ್‌ನ 23 ಬಗೆಗಳ ವಿರುದ್ಧದ ಪಾಲಿಸ್ಯಾಕರೈಡ್ ಲಸಿಕೆಯಲ್ಲಿ ಬ್ಯಾಕ್ಟೀರಿಯಾದ ಸಕ್ಕರೆಯ ಹೊದಿಕೆಯಷ್ಟೇ ಇರುತ್ತದೆ; ರೋಗನಿರೋಧಕ ನೆನಪನ್ನು ಗಟ್ಟಿಗೊಳಿಸಲು ನೆರವಾಗುವ ಬಿಳಿ ರಕ್ತಕಣಗಳಾದ ಟಿ ಕೋಶಗಳ ನೆರವಿಲ್ಲದ ಈ ಪ್ರತಿಕ್ರಿಯೆ ಗಟ್ಟಿಯಾದ ನೆನಪನ್ನು ಉಳಿಸುವುದಿಲ್ಲ. ಕಾಂಜುಗೇಟ್ ಲಸಿಕೆಯಲ್ಲಿ ಅದೇ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿರುವುದರಿಂದ ಟಿ ಕೋಶಗಳು ಕೈಜೋಡಿಸುತ್ತವೆ. ಹಾಗಾಗಿ ಎರಡನ್ನೂ ಹಾಕಿಸಿಕೊಳ್ಳುವವರು ಕಾಂಜುಗೇಟ್ ಅನ್ನೇ ಮೊದಲು ಹಾಕಿಸಿಕೊಳ್ಳುವುದು ಒಳ್ಳೆಯದು. 20 ಬಗೆಗಳ ಕಾಂಜುಗೇಟ್ ಸಿಕ್ಕರೆ ಸಾಮಾನ್ಯವಾಗಿ ಅದೊಂದೇ ಸಾಕು.

ಪದೇಪದೇ ಸೋಂಕು ಮರುಕಳಿಸುತ್ತಿದ್ದರೆ, ಪಾಲಿಸ್ಯಾಕರೈಡ್ ಲಸಿಕೆಗೆ ಮುನ್ನ ಒಮ್ಮೆ, ನಾಲ್ಕರಿಂದ ಎಂಟು ವಾರಗಳ ನಂತರ ಇನ್ನೊಮ್ಮೆ ರಕ್ತದಲ್ಲಿ ಪ್ರತಿಕಾಯಗಳನ್ನು ಅಳೆಯುವ ಬಗ್ಗೆ ವೈದ್ಯರನ್ನು ಕೇಳಿ. ಮಟ್ಟ ಏರದಿದ್ದರೆ ಪ್ರತಿಕಾಯಗಳ ಕೊರತೆಯೇ ಸೋಂಕಿನ ಮೂಲವಾಗಿರಬಹುದು, ಅದಕ್ಕೆ ಬೇರೆ ಚಿಕಿತ್ಸೆಯುಂಟು. ಈ ಪರೀಕ್ಷೆಯನ್ನು ಮರೆಯಬಾರದೆಂಬುದು ನನ್ನ ಕಳಕಳಿ.

ತೋಳು ನೋವು, ಒಂದೆರಡು ದಿನದ ಮೈಬಿಸಿ ಸಹಜ. ಆದರೆ ಕಫ ಹೆಚ್ಚಿ, ಹಸಿರು ಬಣ್ಣಕ್ಕೆ ತಿರುಗಿ, ಉಸಿರು ಕಟ್ಟತೊಡಗಿದರೆ ಅದನ್ನು ಲಸಿಕೆಯ ಮೇಲೆ ಹೊರಿಸದೆ, ಅಂದೇ ವೈದ್ಯರನ್ನು ಕಂಡು ಕಫವನ್ನು ಕಲ್ಚರ್ ಪರೀಕ್ಷೆಗೆ (ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಕೊಡಿ.