ಪೆನ್ಸಿಲ್ ಹಿಡಿದು ಸೋರಿಕೆ ಹುಡುಕಿದ್ದು

ದಾವಣಗೆರೆಯಲ್ಲಿ ನಾವು ಕಟ್ಟಿಸಿದ ಮೊದಲ ಮನೆ ಇದು. ಗೃಹಪ್ರವೇಶ ಆಗಿದ್ದು ಮಾಘದಲ್ಲಿ. ಮೃಗಶಿರ ಮಳೆ ಹಿಡಿದು ಎರಡು ವಾರ ಆಗಿತ್ತು ಅಷ್ಟೇ, ಕೆಳಗಿನ ಮಲಗುವ ಕೋಣೆಯ ಮೂಲೆಯಲ್ಲಿ ಒಂದು ರೊಟ್ಟಿಯಷ್ಟು ಅಗಲ ತೇವ ಕಾಣಿಸಿತು. ಕೈಯಿಟ್ಟರೆ ತಣ್ಣಗೆ. ಪುಟ್ಟಿ ಹಪ್ಪಳದ ಹಾಗೆ ಉಬ್ಬಿ ಉದುರುತ್ತಿತ್ತು. ಅದೇ ಗೋಡೆಗೆ ಮಾರ್ಚ್‌ನಲ್ಲೇ ಅವಸರ ಮಾಡಿ ವಾರ್ಡ್‌ರೋಬ್ ಕೂರಿಸಿದ್ದೆ, 42 ಸಾವಿರ ಕೊಟ್ಟು. ಹಿಂದಿನ ಪ್ಲೈವುಡ್ ಊದಿಕೊಂಡು ಬಾಗಿಲೇ ಮುಚ್ಚದ ಹಾಗಾಯಿತು. ಹೆಂಡತಿಯ ಎರಡು ರೇಷ್ಮೆ ಸೀರೆಗೆ ಬೂಸ್ಟು ಬೇರೆ. ಅದರ ಲೆಕ್ಕ ಇಲ್ಲಿ ಬರೆಯೋದಿಲ್ಲ, ಮನೆಯಲ್ಲಿ ಇನ್ನೂ ನಡೀತಾ ಇದೆ.

ಮಳೆಗಾಲ, ತಾರಸಿ, ತೇವ. ಇನ್ನೇನು ಯೋಚಿಸೋದಿದೆ ಅಲ್ವಾ? ವಾಟರ್‌ಪ್ರೂಫಿಂಗ್‌ನವನನ್ನು ಕರೆಸಿದೆ. ತಾರಸಿ ಸುಮಾರು 800 ಚದರಡಿ, ಅಡಿಗೆ 30 ರೂಪಾಯಿ, 24 ಸಾವಿರ. ಬಿಳಿ ಕೋಟಿಂಗ್ ಬಳಿದು ಐದು ವರ್ಷ ಗ್ಯಾರಂಟಿ ಅಂತ ಬರೆದುಕೊಟ್ಟ. ಆಗಸ್ಟ್‌ಗೆ ರೊಟ್ಟಿ ಹೋಗಿ ಮೊರದಷ್ಟಾಯಿತು. ಫೋನ್ ಮಾಡಿದರೆ "ಗೋಡೆ ಹಳೇ ತೇವ ಬಿಡ್ತಾ ಐತೆ ಸಾರ್, ಎರಡು ತಿಂಗಳು ತಡೀರಿ" ಅಂದ. ಎರಡು ತಿಂಗಳಾದ ಮೇಲೆ ಫೋನೇ ಎತ್ತಲಿಲ್ಲ. ಒಳಗಿನಿಂದ ಡ್ಯಾಂಪ್‌ಪ್ರೂಫ್ ಪೇಂಟ್ ಹೊಡೆಸಿದೆ, 6 ಸಾವಿರ. ಬಳಿದ ಜಾಗ ಬಿಟ್ಟು ಎರಡಡಿ ಆಚೆ ಗುಳ್ಳೆ ಎದ್ದಿತು. ಬೇಸಿಗೆಯಲ್ಲಿ ಎಲ್ಲ ಒಣಗಿತು, "ನೋಡಿದ್ಯಾ, ಮಳೆನೀರೇ" ಅಂತ ಎಲ್ಲರೂ ಹೇಳಿದರು. ನಾನೂ ನಂಬಿದೆ.

ನಡುವೆ ಒಂದು ಹುಚ್ಚು ಪ್ರಯೋಗ. ಹಳೇ ಕಾಲದವರು ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ತಾರಸಿಗೆ ಗಾರೆ ಹಾಕುತ್ತಿದ್ದರಲ್ಲ, ಅದನ್ನು ಒಂದು ಮೂಲೆಯಲ್ಲಿ ಮಾಡಿ ನೋಡಿದೆ. ಕೋಟಿಂಗ್ ಮೇಲೆ ಅದು ಹಿಡಿಯಲೇ ಇಲ್ಲ, ಚಕ್ಕೆ ಚಕ್ಕೆ ಎದ್ದಿತು. ಬೆಲ್ಲಕ್ಕೆ ಇರುವೆ ಬಂದಿದ್ದೇ ಲಾಭ.

ಎರಡನೇ ಮಳೆಗಾಲಕ್ಕೆ ಮೇಸ್ತ್ರಿ ಬಂದು ಇಡೀ ತಾರಸಿಗೆ ಗಾರೆ ಹಾಕಿ ಕೂಲಿಂಗ್ ಟೈಲ್ಸ್ ಕೂರಿಸೋಣ, 90 ಸಾವಿರ ಆಗುತ್ತೆ ಅಂದ. ಅಡ್ವಾನ್ಸ್ ಕೊಡೋಕೆ ಹೋದವನು ಯಾಕೋ ನಿಂತೆ. ಆ ಸಂಜೆ ಮಗಳ ಪೆನ್ಸಿಲ್ ತಗೊಂಡು ತೇವದ ಅಂಚಿನ ಸುತ್ತ ಗೆರೆ ಎಳೆದು ತಾರೀಖು ಬರೆದೆ. ದಿನಾ ಸಂಜೆ ಒಂದು ಗೆರೆ. ಬಾಮೈದ ನಕ್ಕ. "ಭಾವ, ಗೋಡೆಗೇನು ಜ್ವರದ ಚಾರ್ಟಾ?" ಅವನದು ಬೇರೆ ವಾದ, ಇದು ಚಳಿಗೆ ಗೋಡೆ ಬೆವರೋದು ಅಂತ. ಅಂಗೈಯಗಲ ಪಾಲಿಥೀನ್ ಹಾಳೆಯನ್ನು ಕಲೆಯ ಮೇಲೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿದೆ. ಎರಡು ದಿನಕ್ಕೆ ಹನಿ ಕಟ್ಟಿದ್ದು ಹಾಳೆಯ ಒಳಬದಿ, ಗೋಡೆ ಕಡೆ. ಗಾಳಿಯ ತೇವ ಆಗಿದ್ದರೆ ಹೊರಬದಿಗೆ ಕಟ್ಟಬೇಕಿತ್ತು. ಬಾಮೈದ ಸುಮ್ಮನಾದ.

ದಸರಾ ರಜೆ ಬಂತು. ಹಸ್ತದ ಮಳೆ ಎರಡು ರಾತ್ರಿ ಚೆನ್ನಾಗಿಯೇ ಹೊಡೆಯಿತು. ಆದರೆ ಗೋಡೆಯ ಮೇಲೆ ತೇವ ನನ್ನ ಗೆರೆಯಿಂದ ನಾಲ್ಕು ಬೆರಳು ಒಳಗೆ ಸರಿದಿತ್ತು! ತಲೆ ಕೆರೆದುಕೊಂಡೆ. ಮಳೆ ಇದೆ, ತೇವ ಇಳೀತಾ ಇದೆ. ಮನೆಯಲ್ಲಿ ಬದಲಾಗಿದ್ದು ಒಂದೇ: ಮೇಲಿನ ರೂಮಿನಲ್ಲಿದ್ದು ಇಂಜಿನಿಯರಿಂಗ್ ಓದುವ ಅಕ್ಕನ ಮಗ ಊರಿಗೆ ಹೋಗಿದ್ದ. ಅವನು ಮೊದಲ ಸಲ ಬಂದಿದ್ದು ಜೂನ್‌ನಲ್ಲಿ, ಬೇಸಿಗೆಗೆ ರೂಮು ಖಾಲಿ. ನಾವು ಎರಡು ವರ್ಷ ಮಳೆಯನ್ನು ಬೈದುಕೊಂಡಿದ್ದೆವು.

ಇದು ಮಳೆನೀರಲ್ಲ, ಅವನು ಸ್ನಾನ ಮಾಡುವ ಮೇಲಿನ ಬಾತ್‌ರೂಮಿನ ನೀರು ಅಂತ ಹೇಳಿದರೆ ಯಾರೂ ಒಪ್ಪಲಿಲ್ಲ. "ತಾರಸಿ ಸೋರದೆ ಗೋಡೆ ನೆನೆಯುತ್ತಾ?" ಅಂದ ಮೇಸ್ತ್ರಿ. ಸರಿ, ತಾರಸಿಯನ್ನೇ ಕೇಳೋಣ ಅಂತ ಜನವರಿಯಲ್ಲಿ, ಮಳೆ ಪೂರ್ತಿ ನಿಂತ ಮೇಲೆ, ಪಕ್ಕದ ಖಾಲಿ ಸೈಟಿನಿಂದ ನಾಲ್ಕು ಚೀಲ ಎರೆಮಣ್ಣು ತಂದೆ. ಕಲಸಿ ಬದು ಕಟ್ಟಿದರೆ ನಮ್ಮ ಕಡೆಯ ಎರೆಮಣ್ಣಿನಷ್ಟು ಚೆನ್ನಾಗಿ ನೀರು ತಡೆಯೋದು ಬೇರೆ ಇಲ್ಲ. ತಾರಸಿ ಮೂರು ಪಾಲು, ಒಂದೊಂದರಲ್ಲಿ ಮೂರಿಂಚು ನೀರು, ಎರಡೆರಡು ದಿನ. ಪಾಲಿಗೆ ಹತ್ತಿರ ಹತ್ತಿರ 2,000 ಲೀಟರ್. ಮಳೆ ಪೈಪಿನ ಬಾಯಿಗೆ ಏನು ತುರುಕಿದೆ ಅನ್ನೋದು ನನ್ನ ಗುಟ್ಟು. ಬಟ್ಟೆ, ಬಾಲು ಎರಡೂ ಜಾರಿದವು ಅಂತ ಮಾತ್ರ ಹೇಳುತ್ತೇನೆ. ಮೂರೂ ಪಾಲು ಮುಗಿದವು. ಗೆರೆ ಒಂದು ನೂಲೂ ದಾಟಲಿಲ್ಲ. ಅಷ್ಟು ದಿನವೂ ಅಕ್ಕನ ಮಗನಿಗೆ ಮೇಲೆ ಸ್ನಾನ ಬಂದ್, ಕೆಳಗೇ ಮಾಡು ಅಂದಿದ್ದೆ. ಗೊಣಗಿದ.

ಆಮೇಲೆ ಬಾತ್‌ರೂಮು. ಮೊದಲು ನೆಲಕ್ಕೆ ಹನಿ ಬೀಳದ ಹಾಗೆ, ನೀರು ಬರುವ ಪೈಪಿನ ವಾಲ್ವ್ ಮಾತ್ರ ಐದು ದಿನ ತೆರೆದಿಟ್ಟೆ. ಪೈಪ್ ಗಟ್ಟಿ. ನಂತರ ನಹಾನಿಗೆ, ಅಂದರೆ ನೆಲದ ನೀರು ಹೊರಗೆ ಹೋಗುವ ಕಂಡಿಗೆ, ಆಲಿಕೆ ಇಟ್ಟು, ನೆಲ ಮುಟ್ಟದ ಹಾಗೆ ದಿನಕ್ಕೆ ಎರಡು ಬಕೆಟ್ ನೇರ ಒಳಗೇ ಸುರಿದೆ. ಏನೂ ಇಲ್ಲ. ಕೊನೆಗೆ ನಹಾನಿ ಬಾಯಿ ಮುಚ್ಚಿ ನೆಲದ ಮೇಲೆ ನೀರು ನಿಲ್ಲಿಸಿದೆ. ಮೂರನೇ ಸಂಜೆ ತೇವ ಗೆರೆ ದಾಟಿತು. ಹೆಂಡತಿಯನ್ನು ಕರೆದು ತೋರಿಸಿದೆ. ಸೋರುವ ಗೋಡೆ ನೋಡಿ ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ನಹಾನಿ ಸುತ್ತ ಟೈಲ್ಸ್ ಕೆಳಗೆ ಪೈಪಿಗೂ ಕಾಂಕ್ರೀಟಿಗೂ ನಡುವೆ ಕಿರುಬೆರಳು ಹೋಗುವಷ್ಟು ಸಂದು. ಸಿಮೆಂಟ್ ತುಂಬೋದೇ ಮರೆತಿದ್ದರು. ಕಟರ್ ನಾನೇ ಹಿಡಿದೆ. ನಾಲ್ಕು ಟೈಲ್ಸ್ ತೆಗೆಯೋಕೆ ಹೋಗಿ ಐದನೆಯದು ಒಡೆಯಿತು. ಪುಣ್ಯಕ್ಕೆ ಅರ್ಧ ಬಾಕ್ಸ್ ಟೈಲ್ಸ್ ಉಳಿಸಿಕೊಂಡಿದ್ದೆ, ಅದೇ ಬಣ್ಣ ಈಗ ಅಂಗಡಿಯಲ್ಲಿ ಇಲ್ಲ. ಗ್ರೌಟ್, ಎಪಾಕ್ಸಿ, ವಾಟರ್‌ಪ್ರೂಫ್ ಪುಡಿ ಎಲ್ಲ ಸೇರಿ 1,900 ಇರಬಹುದು. ಸಂದಿಗೆ ಮೊದಲು ಏನು ತುಂಬಬೇಕು, ಎಷ್ಟು ದಿನ ಬಿಡಬೇಕು ಅನ್ನೋದರಲ್ಲಿ ಒಂದು ಕೈಚಳಕ ಇದೆ, ಅದು ಎದುರಿಗೆ ಸಿಕ್ಕಾಗ. ಆಮೇಲೆ ಒಂದು ಇಡೀ ಮಳೆಗಾಲ ಕಳೆದಿದೆ, ಹುಡುಗ ದಿನಾ ಅಲ್ಲೇ ಸ್ನಾನ ಮಾಡುತ್ತಾನೆ, ಗೋಡೆ ಒಣ.

ತಾರಸಿಯಲ್ಲಿ ನೀರು ನಿಲ್ಲಿಸಿದ್ದರಿಂದ ಇನ್ನೊಂದು ಆಸೆ ಹುಟ್ಟಿತು. 800 ಚದರಡಿಗೆ ಒಂದಿಂಚು ಮಳೆ ಬಿದ್ದರೆ 1,800 ಲೀಟರ್‌ಗಿಂತ ಜಾಸ್ತಿ. ಮಳೆ ಪೈಪನ್ನು ಸಂಪಿಗೆ ತಿರುಗಿಸಿದೆ. ಮೊದಲ ಮಳೆಗೆ ಪಾರಿವಾಳದ ಹಿಕ್ಕೆಯೆಲ್ಲ ಇಳಿದು ಸಂಪು ನಾರಿತು, ತೊಳೆಸೋಕೆ 700 ರೂಪಾಯಿ. ಈಗ ಮೊದಲ ಮಳೆ ನೀರು ಹೊರಗೆ ಹೋಗಲಿ ಅಂತ ಒಂದು ವಾಲ್ವ್ ಹಾಕಿದ್ದೇನೆ.

  

ಈಗ ಕಾಂಪೌಂಡ್ ಗೋಡೆ ಬಿರುಕು ಬಿಟ್ಟಿದೆ. ಬಿಚ್ಚಿ ಕಟ್ಟಬೇಕು, 35 ಸಾವಿರ ಅಂತಾನೆ ಮೇಸ್ತ್ರಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿದ್ದೇನೆ. ಮೇ ತಿಂಗಳಲ್ಲಿ ಐದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು, ಆಗಸ್ಟ್‌ನಲ್ಲಿ ಪೋಸ್ಟ್‌ಕಾರ್ಡೂ ತೂರಲಿಲ್ಲ. ಎರೆ ನೆಲ, ಒಣಗಿದರೆ ಕುಗ್ಗುತ್ತೆ, ನೆನೆದರೆ ಉಬ್ಬುತ್ತೆ. ಇನ್ನೊಂದು ಬೇಸಿಗೆ ನೋಡಿ ಹೇಳ್ತೀನಿ ಅಂದಿದ್ದೇನೆ. ಈ ಸಲ ಅವನೂ ನಗಲಿಲ್ಲ.