ರಾಗದ ಹೆಸರು ಗೊತ್ತಿಲ್ಲದೆಯೂ ಕಛೇರಿ ಕೇಳುವುದು ಹೇಗೆ?

ಮೈಸೂರಿನ ಒಂಟಿಕೊಪ್ಪಲಿನ 8ನೇ ಕ್ರಾಸ್ ಗಣಪತಿ ಪೆಂಡಾಲಿರಲಿ, ಗಾಯಕ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರವಿರಲಿ, ದಸರೆಯ ಅರಮನೆ ವೇದಿಕೆಯಿರಲಿ, ಹಾಡು ಶುರುವಾದ ಅರೆ ನಿಮಿಷಕ್ಕೆ ಅಕ್ಕಪಕ್ಕ ಪಿಸುಮಾತು: ‘ಇದ್ಯಾವ ರಾಗ?’ ಹೊಸಬರು ಹೆದರುವುದು ಈ ಪ್ರಶ್ನೆಗೇ. ಹೆಸರು ಆಮೇಲೆ ಬಂದೀತು, ಬಿಡಿ. ಕಿವಿ ಮೊದಲು ಅಳೆಯುವುದು, ಪ್ರತಿ ಸ್ವರ ಷಡ್ಜದಿಂದ, ಅಂದರೆ ಆಧಾರಸ್ವರವಾದ ‘ಸ’ದಿಂದ, ಎಷ್ಟು ದೂರದಲ್ಲಿದೆ ಎಂಬುದನ್ನು.

ಆದ್ದರಿಂದ ಮೊದಲ ಕೆಲಸ ಷಡ್ಜ ಹಿಡಿಯುವುದು. ಹತ್ತು ನಿಮಿಷ ಮುಂಚೆ ಹೋಗಿ ಕೂತು, ಶ್ರುತಿ ಮಾಡಿಕೊಳ್ಳುವುದನ್ನು ಕೇಳಿ. ತಂಬೂರಿಯ ನಡುವಿನ ಎರಡು ತಂತಿಗಳು ಒಂದೇ ಸ್ವರಕ್ಕೆ, ಅಂದರೆ ಷಡ್ಜಕ್ಕೆ, ಕೂರಬೇಕು. ಒಂದು ಸೆಕೆಂಡಿಗೆ 200 ಸಲ, ಇನ್ನೊಂದು 203 ಸಲ ಕಂಪಿಸಿದರೆ ನಾದ ಸೆಕೆಂಡಿಗೆ ಮೂರು ಬಾರಿ ಉಬ್ಬಿ ಇಳಿಯುತ್ತದೆ. ಬಿರಡೆ ತಿರುಗಿಸುತ್ತಾ ಹೋದಂತೆ ಆ ಅಲೆ ನಿಧಾನವಾಗಿ ನಿಂತೇಹೋಗುತ್ತದೆ. ಶ್ರುತಿ ಸೇರಿತು. ಬಾಯಿ ಮುಚ್ಚಿ ಅದನ್ನೇ ಗುನುಗಿಕೊಳ್ಳಿ, ಪಕ್ಕದವರಿಗೆ ಕೇಳಿಸದ ಹಾಗೆ.

ಷಡ್ಜ ಏನೆಲ್ಲ ಮಾಡುತ್ತದೆ ಎಂದು ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಮೊಬೈಲ್‌ನ ತಂಬೂರಿ ಆ್ಯಪ್‌ನಲ್ಲಿ ಶ್ರುತಿಯನ್ನು ಎಫ್ ಶಾರ್ಪ್‌ಗೆ ಇಡಿ. ಕೀಬೋರ್ಡಿನಲ್ಲಿ ಮೂರು ಕಪ್ಪು ಮನೆಗಳ ಗುಂಪಿದೆಯಲ್ಲ, ಅದರ ಮೊದಲನೆಯದರಿಂದ ಶುರುಮಾಡಿ ಬರೀ ಕಪ್ಪು ಮನೆಗಳನ್ನೇ ಒತ್ತುತ್ತಾ ಹೋಗಿ. ಮೋಹನ ರಾಗ ಕೇಳುತ್ತದೆ. ಈಗ ತಂಬೂರಿಯನ್ನು ಎ ಶಾರ್ಪ್‌ಗೆ ಬದಲಿಸಿ, ಅದೇ ಗುಂಪಿನ ಮೂರನೆಯ ಮನೆಯಿಂದ ಹೊರಡಿ. ಒತ್ತಿದ್ದು ಅವೇ ಐದು ಮನೆ, ಕೇಳಿದ್ದು ಹಿಂದೋಳ! ಸ್ವರ ಬದಲಾಗಿಲ್ಲ, ಷಡ್ಜ ಬದಲಾಯಿತು. ಗಂಡಸರು ಒಂದು ಮನೆಯ ತಗ್ಗು ಶ್ರುತಿಗೆ, ಹೆಂಗಸರು ಐದೂವರೆ ಮನೆಯ ಎತ್ತರದ ಶ್ರುತಿಗೆ ಹಾಡಿದರೂ ಕೃತಿ ಒಂದೇ ಎಂದು ನಮಗೆ ಗೊತ್ತಾಗುವುದರ ಗುಟ್ಟೂ ಇದೇ. ಅಲ್ಲಿ ಷಡ್ಜದ ಜೊತೆಗೆ ಸ್ವರಗಳೂ ಅಷ್ಟಷ್ಟೇ ಏರಿರುತ್ತವೆ, ನಡುವಿನ ಅಂತರ ಹಾಗೇ ಉಳಿದಿರುತ್ತದೆ.

ಆಮೇಲೆ ಪಲ್ಲವಿಯ ಏರಿಳಿತ. ಎಲ್ಲಿ ಹತ್ತಿತು, ಎಲ್ಲಿ ಜಾರಿತು, ಎಲ್ಲಿ ನಿಂತಿತು ಎಂದಷ್ಟೇ ಗಮನಿಸಿ. ಹೊಸದಾಗಿ ಕೇಳಿದ ಹಾಡಿನಲ್ಲಿ ಮನಸ್ಸಿಗೆ ಮೊದಲು ಕೂರುವುದು ಈ ಆಕಾರ. ಗಮಕವನ್ನು, ಅಂದರೆ ಸ್ವರವನ್ನು ತೂಗಿ ಜಾರಿಸುವ ಬಳುಕನ್ನು, ಬಿಡಿ ಸ್ವರಗಳಾಗಿ ಒಡೆಯಲು ಹೋಗಬೇಡಿ, ತಲೆನೋವು.

ಇನ್ನು ತಾಳ. ಆದಿತಾಳದ ಎಂಟು ಎಣಿಕೆ ಸುಲಭ: ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು–ಅಂಗೈ ತಿರುವು, ಪೆಟ್ಟು–ಅಂಗೈ ತಿರುವು. ಮಧ್ಯಮ ಕಾಲದಲ್ಲಿ ಕೈ ತಾನಾಗಿ ಕೂಡಿಕೊಳ್ಳುತ್ತದೆ. ವಿಳಂಬದಲ್ಲಿ, ಅಂದರೆ ನಿಧಾನಗತಿಯಲ್ಲಿ, ತಪ್ಪುವುದು ನಿಮ್ಮ ದಡ್ಡತನದಿಂದಲ್ಲ. ಎರಡು ಎಣಿಕೆಗಳ ನಡುವೆ ಎರಡು ಸೆಕೆಂಡಿನಷ್ಟು ಬಿಡುವು ಬಿದ್ದರೆ ಅವನ್ನು ಒಂದೇ ನಡೆಯಾಗಿ ಹಿಡಿದಿಡುವುದು ಕಿವಿಗೆ ಕಷ್ಟ. ಪ್ರತಿ ಎಣಿಕೆಯನ್ನು ಮನಸ್ಸಿನಲ್ಲೇ ಎರಡಾಗಿ ಇಲ್ಲವೇ ನಾಲ್ಕಾಗಿ ಒಡೆದುಕೊಳ್ಳಿ, ವಿದ್ವಾಂಸರೂ ಮಾಡುವುದು ಅದನ್ನೇ. ಹಾಡು ಪೆಟ್ಟಿನ ಮೇಲೇ ಎತ್ತಿಕೊಳ್ಳಬೇಕೆಂದೇನೂ ಇಲ್ಲ, ಅರ್ಧ ಎಣಿಕೆ ಬಿಟ್ಟು ಶುರುವಾಗುವ ಕೃತಿಗಳು ಬೇಕಾದಷ್ಟಿವೆ.

ಅರಮನೆ ಅಂಗಳದಲ್ಲಿ ಹಿಂದೆ ಕೂರುವವರಿಗೆ ಒಂದು ಕಿವಿಮಾತು: ಮೃದಂಗದವರ ಕೈ ನೋಡಿ ತಾಳ ಹಾಕಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯ ಸ್ಪೀಕರ್ ನೂರು ಮೀಟರ್ ದೂರದಲ್ಲಿದ್ದರೆ ಕಂಡದ್ದಕ್ಕೂ ಕೇಳಿದ್ದಕ್ಕೂ ಸುಮಾರು 0.3 ಸೆಕೆಂಡ್ ಅಂತರ. ಕಣ್ಣು ಮುಚ್ಚಿ ಕೇಳುವುದೇ ವಾಸಿ.

ತನಿ ಆವರ್ತನ, ಅಂದರೆ ಮೃದಂಗ ಮುಂತಾದ ತಾಳವಾದ್ಯದವರು ತಾವಷ್ಟೇ ನುಡಿಸುವ ಸರದಿ, ಬಂತೆಂದರೆ ಕಾಫಿಗೆ ಏಳುವುದು ನಮ್ಮ ಮೈಸೂರಿಗರ ಹಳೇ ಚಾಳಿ. ಕಿವಿ ಪಳಗಿಸಲು ಅದಕ್ಕಿಂತ ಒಳ್ಳೆಯ ಸಮಯ ಮತ್ತೊಂದಿಲ್ಲ. ಕೊನೆಯ ಮುಕ್ತಾಯವನ್ನು ಸಾಮಾನ್ಯವಾಗಿ ಮೂರು ಸಲ ನುಡಿಸುತ್ತಾರೆ. ಮೊದಲ ಸಲ ಸುಮ್ಮನೆ ಕೇಳಿ. ಎರಡನೆಯ ಸಲ ಮುಂದೇನು ಬರುತ್ತದೆಂದು ಊಹಿಸಿ. ಮೂರನೆಯ ಸಲ ಅದು ಮುಗಿಯುವ ಜಾಗಕ್ಕೆ ನಿಮ್ಮ ಕೈ ಸರಿಯಾಗಿ ಬಿತ್ತೋ ಇಲ್ಲವೋ ಎಂಬುದು, ಗಾಯಕರು ಮತ್ತೆ ಪಲ್ಲವಿ ಎತ್ತಿಕೊಂಡಾಗ ಗೊತ್ತಾಗುತ್ತದೆ.