ಕೆಲಸ ಮಾಡಿ ತೋರಿಸುವ ಪರೀಕ್ಷೆ: ಆರ್‌ಎಚ್‌ಸಿಎಸ್‌ಎ ಪ್ರಮಾಣಪತ್ರದ ನನ್ನ ಅನುಭವ

ಸಿಸ್ಟಮ್ ಅಡ್ಮಿನ್ ಕೆಲಸಕ್ಕೆ ಪ್ರಮಾಣಪತ್ರ ಬೇಕೇ ಎಂದು ಕಿರಿಯರು ಕೇಳಿದಾಗಲೆಲ್ಲ, ಯಾವ ಬಗೆಯ ಪರೀಕ್ಷೆಯ ಪ್ರಮಾಣಪತ್ರ ಎಂದು ನಾನು ಮೊದಲು ವಿಚಾರಿಸುತ್ತೇನೆ. ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವ ಪರೀಕ್ಷೆಯೇ ಬೇರೆ, ಯಂತ್ರದ ಮುಂದೆ ಕುಳಿತು ಕೆಲಸ ಮಾಡಿ ತೋರಿಸಬೇಕಾದ ಪರೀಕ್ಷೆಯೇ ಬೇರೆ. ನಾನು ಬರೆದದ್ದು ಎರಡನೆಯ ಬಗೆಯದು, ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿ ನಡೆಸುವ ಆರ್‌ಎಚ್‌ಸಿಎಸ್‌ಎ (ರೆಡ್ ಹ್ಯಾಟ್ ಸರ್ಟಿಫೈಡ್ ಸಿಸ್ಟಮ್ ಅಡ್ಮಿನಿಸ್ಟ್ರೇಟರ್).

ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದ ನನಗೆ ಸಿಕ್ಕಿದ್ದು ಸರ್ವರ್‌ಗಳ ಮೇಲೆ ಕಣ್ಣಿಡುವ ರಾತ್ರಿ ಪಾಳಿಯ ಕೆಲಸ. ಅಲರ್ಟ್ ಬಂದರೆ ಟಿಕೆಟ್ ತೆರೆಯುವುದು, ಬರೆದಿಟ್ಟ ಕ್ರಮದಂತೆ ಸರ್ವೀಸ್ ಮರುಪ್ರಾರಂಭಿಸುವುದು, ಅದರಿಂದಲೂ ಸರಿಹೋಗದಿದ್ದರೆ ಹಿರಿಯರಿಗೆ ಒಪ್ಪಿಸುವುದು, ಇಷ್ಟೇ ನಮ್ಮ ವ್ಯಾಪ್ತಿ. ಕಮಾಂಡ್‌ಗಳು ಬಾಯಿಗೆ ಬರುತ್ತಿದ್ದವು, ಆದರೆ ಅವು ಏಕೆ ಹಾಗೆ ಎಂಬುದನ್ನು ಕಲಿಯಲು ಆ ಕೆಲಸದಲ್ಲಿ ಅವಕಾಶವೂ ಇರಲಿಲ್ಲ, ಒತ್ತಾಯವೂ ಇರಲಿಲ್ಲ. ಆ ಒತ್ತಾಯ ಬಂದದ್ದು ಪರೀಕ್ಷೆಯಿಂದ.

ಈ ಪರೀಕ್ಷೆಯ ಈಗಿನ ಅವಧಿ 3 ಗಂಟೆ. 300 ಅಂಕಗಳಲ್ಲಿ 210 ಬಂದರೆ ತೇರ್ಗಡೆ. ಇಂಟರ್ನೆಟ್ ಇರುವುದಿಲ್ಲ, ಟಿಪ್ಪಣಿ ಪುಸ್ತಕವೂ ಇಲ್ಲ. ಯಂತ್ರದಲ್ಲೇ ಇರುವ ಮ್ಯಾನ್ ಪೇಜ್‌ಗಳಂಥ (ಕಮಾಂಡ್‌ಗಳ ಕೈಪಿಡಿ ಪುಟಗಳು) ದಾಖಲೆಗಳನ್ನು ಮಾತ್ರ ಓದಿಕೊಳ್ಳಬಹುದು. ಅದಕ್ಕಿಂತ ಮುಖ್ಯವಾದುದು, ನೀವು ಮಾಡಿದ ಬದಲಾವಣೆಗಳೆಲ್ಲ ಯಂತ್ರ ರೀಬೂಟ್ ಆದ ಮೇಲೂ ಉಳಿದಿರಬೇಕು ಎಂಬ ನಿಯಮ. ಈ ಒಂದು ನಿಯಮ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಸರ್ವೀಸ್ ಅನ್ನು ಸ್ಟಾರ್ಟ್ ಮಾಡಿದರೆ ಸಾಲದು, ಯಂತ್ರ ಎದ್ದಾಗ ತಾನಾಗಿಯೇ ಶುರುವಾಗುವಂತೆ ಎನೇಬಲ್ ಕೂಡ ಮಾಡಬೇಕು. ಫೈರ್‌ವಾಲ್ ನಿಯಮವನ್ನು ಪರ್ಮನೆಂಟ್ ಆಗಿ ಸೇರಿಸಬೇಕು. ಯಂತ್ರ ಏಳುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತಕ್ಕೆ ಹೊಸ ಡಿಸ್ಕನ್ನು ಅದರ ಯುಯುಐಡಿ (ವಿಶಿಷ್ಟ ಗುರುತಿನ ಸಂಖ್ಯೆ) ಮೂಲಕ ಸೇರಿಸಿ, ರೀಬೂಟ್‌ಗೆ ಮೊದಲೇ ಮೌಂಟ್ ಮಾಡಿ, ಅಂದರೆ ಜೋಡಿಸಿ, ನೋಡಬೇಕು. ಆ ಕಡತದ ಒಂದು ಸಾಲು ತಪ್ಪಿದರೂ ಯಂತ್ರ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡಬಹುದು. ಆಸ್ಪತ್ರೆಯದೋ ಬ್ಯಾಂಕಿನದೋ ಸರ್ವರ್ ನಡುರಾತ್ರಿ ವಿದ್ಯುತ್ ಹೋಗಿ ಮತ್ತೆ ಎದ್ದಾಗ ಬೇಕಾಗುವುದು ಇದೇ ಶಿಸ್ತು.

ಎಸ್‌ಇಲಿನಕ್ಸ್ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕಡತಗಳಿಗೆ ಲೇಬಲ್ ಹಚ್ಚಿ, ಯಾವ ಪ್ರೋಗ್ರಾಂ ಯಾವುದನ್ನು ಮುಟ್ಟಬಹುದು ಎಂದು ನಿರ್ಧರಿಸುವ ಲಿನಕ್ಸ್‌ನ ರಕ್ಷಣಾ ವ್ಯವಸ್ಥೆ ಅದು. ಅಪ್ಲಿಕೇಶನ್ ಓಡದಿದ್ದರೆ ಎಸ್‌ಇಲಿನಕ್ಸನ್ನೇ ಆಫ್ ಮಾಡಿಬಿಡುವ ರೂಢಿ ಅನೇಕ ಕಡೆ ಇದೆ. ಪರೀಕ್ಷೆಯ ಪಠ್ಯಕ್ರಮದಲ್ಲಿ ಅದೂ ಸೇರಿದ್ದರಿಂದ ನಾನು ಲ್ಯಾಪ್‌ಟಾಪಿನ ವರ್ಚುವಲ್ ಯಂತ್ರದಲ್ಲಿ ಒಂದು ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದೆ. ಹೋಮ್ ಡೈರೆಕ್ಟರಿಯಲ್ಲಿ ಸೃಷ್ಟಿಸಿದ ಪುಟವೊಂದನ್ನು ಎಂವಿ ಕಮಾಂಡ್‌ನಿಂದ ಅಪಾಚೆ ವೆಬ್ ಸರ್ವರ್‌ನ ಡೈರೆಕ್ಟರಿಗೆ ಸಾಗಿಸಿದರೆ, ಓದುವ ಅನುಮತಿಗಳೆಲ್ಲ ಸರಿಯಿದ್ದರೂ ಬ್ರೌಸರ್‌ನಲ್ಲಿ 403 (ಪ್ರವೇಶ ನಿರಾಕರಣೆ) ದೋಷ ಬರುತ್ತದೆ. ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್‌ಗೆ ದೊಡ್ಡ ಝಡ್ ಸೇರಿಸಿ ನೋಡಿದರೆ ಕಾರಣ ಕಾಣುತ್ತದೆ: ಸಾಗಿಸಿದ ಕಡತ ತನ್ನ ಹಳೆಯ ಲೇಬಲನ್ನೇ ಹೊತ್ತು ಬಂದಿರುತ್ತದೆ. ಸಿಪಿಯಿಂದ ನಕಲು ಮಾಡಿದ್ದರೆ ಸಾಮಾನ್ಯವಾಗಿ ಹೊಸ ಜಾಗದ ಲೇಬಲ್ ಸಿಗುತ್ತಿತ್ತು. ರಿಸ್ಟೋರ್‌ಕಾನ್ ಎಂಬ ಒಂದೇ ಕಮಾಂಡ್‌ನಿಂದ ಇದು ಸರಿಹೋಗುತ್ತದೆ, ರಕ್ಷಣೆಯೂ ಉಳಿಯುತ್ತದೆ. ಮುಂದೆ ಕೆಲಸದಲ್ಲಿ ಇಂಥದೇ ತೊಂದರೆ ಎದುರಾದಾಗ, ಹಿರಿಯರೊಬ್ಬರು “ಅದನ್ನ ಡಿಸೇಬಲ್ ಮಾಡಿಬಿಡಪ್ಪ” ಎಂದರು. “ಐದು ನಿಮಿಷ ಕೊಡಿ ಸರ್” ಎಂದು ಆಡಿಟ್ ಲಾಗ್ ತೆರೆದು ಲೇಬಲ್ ಸರಿಪಡಿಸಿದೆ. ಎರಡನೆಯ ಹಂತದ ತಂಡಕ್ಕೆ ನನ್ನನ್ನು ಸೇರಿಸಿಕೊಂಡಾಗ ಅವರು ಪ್ರಸ್ತಾಪಿಸಿದ್ದು ಪ್ರಮಾಣಪತ್ರವನ್ನಲ್ಲ, ಆ ಐದು ನಿಮಿಷವನ್ನು.

ಹಾಗೆಂದು ಪ್ರಮಾಣಪತ್ರಕ್ಕೆ ಬೆಲೆಯಿಲ್ಲವೆಂದಲ್ಲ. ಹೆಸರಾಂತ ಎಂಜಿನಿಯರಿಂಗ್ ಕಾಲೇಜಿನ ಮುದ್ರೆಯಿಲ್ಲದ ನನ್ನಂಥವರ ರೆಸ್ಯೂಮೆ ಎಚ್‌ಆರ್ ವಿಭಾಗವನ್ನು ದಾಟುವುದೇ ಕಷ್ಟ, ಅದನ್ನು ದಾಟಿಸಿದ್ದು ಆರ್‌ಎಚ್‌ಸಿಎಸ್‌ಎ. ಪ್ರಮಾಣಪತ್ರದ ಸಂಖ್ಯೆಯನ್ನು ರೆಡ್ ಹ್ಯಾಟ್ ತಾಣದಲ್ಲೇ ಪರಿಶೀಲಿಸಬಹುದಾದ್ದರಿಂದ ಅದರ ಬಗ್ಗೆ ಯಾರೂ ಅನುಮಾನಪಡಬೇಕಾಗಿಲ್ಲ. ಪ್ರಮಾಣೀಕೃತ ಎಂಜಿನಿಯರ್‌ಗಳು ಇರಲೇಬೇಕೆಂದು ಕೇಳುವ ಟೆಂಡರ್‌ಗಳೂ ಇವೆ.

ಈಗ ನಾನೇ ಸಂದರ್ಶನ ಮಾಡುವ ಕಡೆ ಕೂರುತ್ತೇನೆ. ಕದ್ದು ಹಂಚುವ ಪ್ರಶ್ನೋತ್ತರಗಳನ್ನು, ಅಂದರೆ ಡಂಪ್‌ಗಳನ್ನು, ಉರುಹೊಡೆದು ಬಂದವರನ್ನು ಕಂಡಾಗ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಅವರು ಪ್ರಾಮಾಣಿಕವಾಗಿ ಓದಿದವರ ಪ್ರಮಾಣಪತ್ರದ ಬೆಲೆಯನ್ನೂ ಇಳಿಸುತ್ತಿದ್ದಾರೆ. ಆದ್ದರಿಂದ ನಾನು ಪ್ರಶ್ನೆ ಕೇಳುವುದು ಕಡಿಮೆ. ಕೆಟ್ಟುನಿಂತ ವರ್ಚುವಲ್ ಯಂತ್ರವೊಂದನ್ನು ಕೊಟ್ಟು, ಅಭ್ಯರ್ಥಿ ಮೊದಲು ಯಾವ ಲಾಗ್ ತೆರೆಯುತ್ತಾರೆ ಎಂಬುದನ್ನು ಗಮನಿಸುತ್ತೇನೆ.

ಪ್ರಮಾಣಪತ್ರದ ಮಾನ್ಯತೆ 3 ವರ್ಷ. ಈ ಮಿತಿಯನ್ನು ಹಣ ಕೀಳುವ ಉಪಾಯವೆಂದು ಬೈಯುವವರಿದ್ದಾರೆ, ನಾನು ಒಪ್ಪುವುದಿಲ್ಲ, ಏಕೆಂದರೆ ಕೆಲಸದ ರೀತಿಯೇ ಬದಲಾಗುತ್ತಿರುತ್ತದೆ. ಮುಂದಿನ ಹಂತವಾದ ಆರ್‌ಎಚ್‌ಸಿಇ ಪರೀಕ್ಷೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ 8ನೇ ಆವೃತ್ತಿಯಿಂದ ಪೂರ್ತಿಯಾಗಿ ಆನ್ಸಿಬಲ್ ಕಡೆಗೆ, ಅಂದರೆ ಹಲವು ಸರ್ವರ್‌ಗಳ ಕೆಲಸವನ್ನು ಸ್ವಯಂಚಾಲಿತವಾಗಿ ಮಾಡಿಸುವ ಸಾಧನದ ಕಡೆಗೆ, ಹೊರಳಿತು. ಒಂದೊಂದೇ ಸರ್ವರ್‌ಗೆ ಲಾಗಿನ್ ಆಗಿ ಕೈಯಾರೆ ಕೆಲಸ ಮಾಡುತ್ತಿದ್ದ ನಾನು ಪ್ಲೇಬುಕ್ (ಆನ್ಸಿಬಲ್‌ಗೆ ಕೊಡುವ ಸೂಚನೆಗಳ ಕಡತ) ಬರೆಯುವುದನ್ನು ಕಲಿತದ್ದು ಅದರಿಂದಲೇ.

ಶುಲ್ಕ ಮಾತ್ರ ಹೊಸಬರಿಗೆ ನಿಜವಾದ ಹೊರೆ. ಅನೇಕ ಕಂಪನಿಗಳು ತೇರ್ಗಡೆಯಾದವರಿಗೆ ಅದನ್ನು ಮರಳಿ ಕೊಡುತ್ತವೆ, ನೋಂದಾಯಿಸುವ ಮೊದಲೇ ವಿಚಾರಿಸಿಕೊಳ್ಳಿ. ಅಭ್ಯಾಸಕ್ಕೆ ಮಾತ್ರ ದುಡ್ಡು ಬೇಕಿಲ್ಲ: ರೆಡ್ ಹ್ಯಾಟ್ ಲಿನಕ್ಸ್‌ಗೆ ಹೊಂದುವ ರಾಕಿ ಲಿನಕ್ಸ್ ಮತ್ತು ಆಲ್ಮಾ ಲಿನಕ್ಸ್ ಉಚಿತ, ರೆಡ್ ಹ್ಯಾಟ್‌ನ ಡೆವಲಪರ್ ಚಂದಾ ಕೂಡ ವ್ಯಕ್ತಿಗಳಿಗೆ ಉಚಿತ, ಪರೀಕ್ಷೆಯ ವಿಷಯಪಟ್ಟಿಯನ್ನು ಅವರೇ ಪ್ರಕಟಿಸಿದ್ದಾರೆ. ಪಟ್ಟಿಯ ಒಂದೊಂದು ಅಂಶವನ್ನೂ ಮಾಡಿ, ಯಂತ್ರವನ್ನು ರೀಬೂಟ್ ಮಾಡಿ, ಅದು ಉಳಿದಿದೆಯೇ ಎಂದು ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.